ಆಯುಷ್ಯ ಅಲ್ಲಾಹನದು, ವರದಿ ರೋಗಿಯದು

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ನಡೆದ ಕೆಲವು ದಿನಗಳ ಬಳಿಕ ಆಸ್ಪತ್ರೆಯಿಂದ ಒಂದು ವರದಿ ಕೈಗೆ ಬರುತ್ತದೆ. ಕತ್ತರಿಸಿ ತೆಗೆದ ಕರುಳಿನ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿ ಬರೆದ ಪೆಥಾಲಜಿ ವರದಿ ಅದು. ನಮ್ಮ ಮನೆಗಳಲ್ಲಿ ಅದನ್ನು ಸಾಮಾನ್ಯವಾಗಿ ಹಿರಿಯ ಮಗನೋ ಅಳಿಯನೋ ಪಡೆದುಕೊಳ್ಳುತ್ತಾನೆ. ವೈದ್ಯರ ಕೊಠಡಿಗೆ ಒಬ್ಬನೇ ಹೋಗಿ ಮಾತನಾಡಿ ಬರುತ್ತಾನೆ. ಹೊರಗೆ ಬಂದವನು ರೋಗಿಯ ಮುಂದೆ ಹೇಳುವ ಮಾತು ಒಂದೇ: "ಕರುಳಲ್ಲಿ ಹುಣ್ಣಿತ್ತಂತೆ ಅಬ್ಬಾ, ತೆಗೆದಿದ್ದಾರೆ. ಇನ್ನೇನೂ ಭಯವಿಲ್ಲ." ರೋಗಿ ಉಮ್ಮನಾಗಿದ್ದರೆ ಅಷ್ಟನ್ನೂ ಹೇಳುವುದಿಲ್ಲ. ವರದಿ ಕಪಾಟಿನೊಳಗೆ ಹೋಗುತ್ತದೆ. ವೈದ್ಯರು ಅದರ ಆಧಾರದಲ್ಲಿ ಹೇಳಿದ ಮುಂದಿನ ವರ್ಷಗಳ ಅಂದಾಜು ಮನೆಯ ಇಬ್ಬರು ಮೂವರು ಗಂಡಸರ ಎದೆಯೊಳಗೆ ಉಳಿಯುತ್ತದೆ.

ಹೀಗೇಕೆ ಮಾಡುತ್ತೀರಿ ಎಂದು ಕೇಳಿದರೆ ಎರಡು ಉತ್ತರಗಳು ಸಿಗುತ್ತವೆ. ಮೊದಲನೆಯದು, ರೋಗಿಗೆ ಆಘಾತವಾಗುತ್ತದೆ ಎಂಬುದು. ಎರಡನೆಯದು ಧರ್ಮದ ಹೆಸರಿನಲ್ಲಿ ಬರುತ್ತದೆ. ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ಇಷ್ಟು ವರ್ಷ ಬದುಕುತ್ತಾರೆ ಎಂದು ಹೇಳಲು ವೈದ್ಯರು ಯಾರು, ಅದನ್ನು ಕೇಳುವುದೇ ಈಮಾನಿನ ದೌರ್ಬಲ್ಯವಲ್ಲವೇ ಎಂಬ ಮಾತು. ಈ ಎರಡೂ ಉತ್ತರಗಳ ಹಿಂದೆ ಪ್ರೀತಿ ಇದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಈ ಪ್ರೀತಿಯಿಂದ ರೋಗಿಗೆ ಆಗುತ್ತಿರುವ ನಷ್ಟ ದೊಡ್ಡದು. ಶಸ್ತ್ರಚಿಕಿತ್ಸೆಯ ನಂತರದ ಮುನ್ನಂದಾಜು ಭವಿಷ್ಯವಾಣಿಯ ಜಾತಿಗೆ ಸೇರಿದ್ದಲ್ಲ, ಅದನ್ನು ಕೇಳಿ ತಿಳಿಯುವುದು ತವಕ್ಕುಲ್‌ಗೆ ವಿರುದ್ಧವೂ ಅಲ್ಲ, ಅದು ಮೊದಲಿಗೆ ಸಲ್ಲಬೇಕಾದದ್ದು ರೋಗಿಗೇ ಎಂಬುದು ಈ ಲೇಖನದ ನಿಲುವು.

ಮೊದಲು, ವೈದ್ಯರು ಆ ಅಂದಾಜನ್ನು ಎಲ್ಲಿಂದ ತರುತ್ತಾರೆ ಎಂಬುದನ್ನು ತಿಳಿಯೋಣ. 1932ರಲ್ಲಿ ಲಂಡನ್ನಿನ ಸೈಂಟ್ ಮಾರ್ಕ್ಸ್ ಆಸ್ಪತ್ರೆಯ ಪೆಥಾಲಜಿ ತಜ್ಞ ಕತ್ಬರ್ಟ್ ಡ್ಯೂಕ್ಸ್ ಗುದನಾಳದ ಕ್ಯಾನ್ಸರನ್ನು ಎ, ಬಿ, ಸಿ ಎಂದು ಮೂರಾಗಿ ವಿಂಗಡಿಸಿದರು. ಗಡ್ಡೆ ಕರುಳಿನ ಗೋಡೆಯೊಳಗೇ ಇದ್ದರೆ ಎ. ಗೋಡೆಯನ್ನು ದಾಟಿದ್ದರೆ ಬಿ. ಹತ್ತಿರದ ದುಗ್ಧಗ್ರಂಥಿಗಳನ್ನು ತಲುಪಿದ್ದರೆ ಸಿ. ಇಷ್ಟು ಸರಳವಾದ ವಿಂಗಡಣೆಯೇ ಶಸ್ತ್ರಚಿಕಿತ್ಸೆಯ ನಂತರ ಯಾರು ಹೆಚ್ಚು ಕಾಲ ಬದುಕುತ್ತಾರೆ ಎಂಬುದನ್ನು ಬಹುಮಟ್ಟಿಗೆ ಬೇರ್ಪಡಿಸಿ ತೋರಿಸಿತು. ಮುಂದೆ ಫ್ರಾನ್ಸಿನ ಪಿಯೆರ್ ಡೆನ್ವಾ 1943ರಿಂದ 1952ರ ನಡುವೆ ರೂಪಿಸಿದ ಟಿ.ಎನ್.ಎಂ. ಪದ್ಧತಿ ಜಗತ್ತಿನಾದ್ಯಂತ ಬಳಕೆಗೆ ಬಂತು. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ದುಗ್ಧಗ್ರಂಥಿಗಳಲ್ಲಿ ರೋಗವಿದೆ, ಲಿವರ್ ಅಥವಾ ಶ್ವಾಸಕೋಶದಂತಹ ದೂರದ ಅಂಗಕ್ಕೆ ಹರಡಿದೆಯೇ ಎಂಬ ಮೂರು ಪ್ರಶ್ನೆಗಳ ಉತ್ತರದಿಂದ ಒಂದರಿಂದ ನಾಲ್ಕರವರೆಗಿನ ಹಂತ ನಿರ್ಧಾರವಾಗುತ್ತದೆ. ಇಂದು ನಮ್ಮ ಊರಿನ ಆಸ್ಪತ್ರೆಗಳ ವರದಿಗಳಲ್ಲಿ ಕಾಣುವುದೂ ಇದೇ.

ಅಂದರೆ ಇದು ಎಣಿಕೆ. ಇದೇ ಸ್ಥಿತಿಯಲ್ಲಿದ್ದ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಗಮನಿಸಿ, ಅವರಿಗೆ ಏನಾಯಿತು ಎಂದು ದಾಖಲಿಸಿಟ್ಟ ಲೆಕ್ಕ. ಮೋಡ ನೋಡಿ ಮಳೆಯನ್ನು ಊಹಿಸುವ ಮೀನುಗಾರನ ಅನುಭವಕ್ಕೂ ಇದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಕಡಲಿಗೆ ಇಳಿಯುವ ಮುನ್ನ ಆಕಾಶ ನೋಡುವವನನ್ನು ಅದೃಶ್ಯ ಜ್ಞಾನದಲ್ಲಿ ಕೈಯಾಡಿಸಿದವನೆಂದು ನಾವಾರೂ ದೂರುವುದಿಲ್ಲ.

ಅಮೆರಿಕದಲ್ಲಿ 1991ರಿಂದ 2000ದವರೆಗೆ ದಾಖಲಾದ 1,19,363 ಕರುಳಿನ ಕ್ಯಾನ್ಸರ್ ರೋಗಿಗಳ ಲೆಕ್ಕ 2004ರಲ್ಲಿ ಪ್ರಕಟವಾಯಿತು. ಮೊದಲ ಹಂತದವರಲ್ಲಿ ಐದು ವರ್ಷಗಳ ಒಳಗೆ ಈ ರೋಗಕ್ಕೆ ಬಲಿಯಾಗದೆ ಉಳಿದವರು ಶೇ. 93. ಎರಡನೇ ಹಂತದ ಸೌಮ್ಯ ವಿಭಾಗದಲ್ಲಿ ಶೇ. 85ರಷ್ಟು, ತೀವ್ರ ವಿಭಾಗದಲ್ಲಿ ಶೇ. 72. ಮೂರನೇ ಹಂತದ ಮೂರು ವಿಭಾಗಗಳಲ್ಲಿ ಕ್ರಮವಾಗಿ ಶೇ. 83, 64 ಮತ್ತು 44. ನಾಲ್ಕನೇ ಹಂತದಲ್ಲಿ ಶೇ. 8. ಆ ಬಳಿಕ ಔಷಧಿಗಳೂ ಶಸ್ತ್ರಚಿಕಿತ್ಸೆಯೂ ಸುಧಾರಿಸಿವೆ, ಆದ್ದರಿಂದ ಇಂದಿನ ಅಂಕಿಗಳು ಇದಕ್ಕಿಂತ ಉತ್ತಮವಾಗಿವೆ. ಆದರೆ ಇಲ್ಲಿ ಗಮನಿಸಬೇಕಾದ ಒಂದು ವಿಚಿತ್ರವಿದೆ. ಮೂರನೇ ಹಂತದ ಮೊದಲ ವಿಭಾಗದವರು ಎರಡನೇ ಹಂತದ ತೀವ್ರ ವಿಭಾಗದವರಿಗಿಂತ ಹೆಚ್ಚು ಮಂದಿ ಉಳಿದಿದ್ದಾರೆ! ಮೂರನೇ ಹಂತದವರ ಗಡ್ಡೆ ಆಳಕ್ಕೆ ಇಳಿದಿರಲಿಲ್ಲ ಎಂಬುದು ಒಂದು ಕಾರಣವಾದರೆ, ಅವರಿಗೆ ಕೀಮೋಥೆರಪಿ ದೊರೆಯುವ ಸಾಧ್ಯತೆ ಹೆಚ್ಚಿತ್ತು ಎಂಬುದು ಇನ್ನೊಂದು. "ಮೂರನೇ ಹಂತವಂತೆ" ಎಂಬ ಪಿಸುಮಾತು ಕೇಳಿದೊಡನೆ ಕಫನ್ ಬಟ್ಟೆಯ ಯೋಚನೆಗೆ ಇಳಿಯುವ ಬಂಧುಗಳು ಈ ಒಂದು ವಿಷಯವನ್ನಾದರೂ ತಿಳಿದಿರಬೇಕು. ಹಂತದ ಸಂಖ್ಯೆಯೊಂದರಿಂದಲೇ ಯಾರ ಭವಿಷ್ಯವನ್ನೂ ಓದಲಾಗದು.

ಹಂತದ ಜೊತೆಗೆ ವರದಿಯಲ್ಲಿ ಇನ್ನೂ ಕೆಲವು ಸಾಲುಗಳಿರುತ್ತವೆ. ಎಷ್ಟು ದುಗ್ಧಗ್ರಂಥಿಗಳನ್ನು ಪರೀಕ್ಷಿಸಲಾಗಿದೆ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಕನಿಷ್ಠ 12 ಗ್ರಂಥಿಗಳನ್ನಾದರೂ ಪರೀಕ್ಷಿಸಿರಬೇಕೆಂಬುದು ಅಂಗೀಕೃತ ಮಾನದಂಡ. ನಾಲ್ಕೈದನ್ನೇ ನೋಡಿ "ಯಾವುದರಲ್ಲಿಯೂ ರೋಗವಿಲ್ಲ" ಎಂದು ಬರೆದಿದ್ದರೆ ಆ ಸಮಾಧಾನ ಅರೆಬರೆಯದು, ಏಕೆಂದರೆ ನೋಡದೆ ಬಿಟ್ಟ ಗ್ರಂಥಿಯಲ್ಲಿ ರೋಗವಿರಬಹುದು. ರಕ್ತನಾಳ ಅಥವಾ ನರಗಳ ಒಳಕ್ಕೆ ಕ್ಯಾನ್ಸರ್ ಕೋಶಗಳು ನುಸುಳಿವೆಯೇ, ಕತ್ತರಿಸಿದ ಅಂಚುಗಳು ಶುದ್ಧವಾಗಿವೆಯೇ, ಕರುಳು ಕಟ್ಟಿಕೊಂಡು ಅಥವಾ ತೂತಾಗಿ ತುರ್ತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತೇ ಎಂಬುದೆಲ್ಲ ಅಂದಾಜನ್ನು ಬದಲಿಸುತ್ತದೆ. ನಮ್ಮಲ್ಲಿ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಿಂಗಳುಗಟ್ಟಲೆ ಮದ್ದು ಮಾಡಿ, ಕೊನೆಗೆ ಹೊಟ್ಟೆಯುಬ್ಬರ ತಡೆಯಲಾರದೆ ರಾತ್ರೋರಾತ್ರಿ ಆಸ್ಪತ್ರೆಗೆ ಧಾವಿಸುವವರು ಕಡಿಮೆಯೇನಿಲ್ಲ. "ಆಪರೇಷನ್ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಮಾತು ಹುಟ್ಟಿದ್ದು ಇಂತಹ ತಡವಾದ ಪ್ರಕರಣಗಳಿಂದಲೇ ಇರಬೇಕು. ಹರಡಿದ ಮೇಲೆ ಆಪರೇಷನ್ ಮಾಡಿಸಿದ್ದನ್ನು, ಆಪರೇಷನ್ ಮಾಡಿಸಿದ ಮೇಲೆ ಹರಡಿತು ಎಂದು ತಿಳಿದವರ ಮಾತು ಅದು.

ಈ ಎಲ್ಲ ಅಂಕಿಗಳೂ ಒಂದು ಸಮೂಹದ ಅಂಕಿಗಳು. ನೂರು ಮಂದಿಯಲ್ಲಿ ಎಷ್ಟು ಮಂದಿ ಎಂದು ಅವು ಹೇಳುತ್ತವೆ. ಆ ನೂರರಲ್ಲಿ ನಮ್ಮ ಅಬ್ಬಾ ಯಾರೆಂಬುದನ್ನು ಹೇಳುವುದಿಲ್ಲ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಒಳಪದರದ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿತು. ಅದು ಕರುಳಿನ ಕ್ಯಾನ್ಸರ್ ಅಲ್ಲವಾದರೂ ಅಂಕಿಯನ್ನು ಓದುವ ಬಗೆಗೆ ಅವರ ಅನುಭವ ಇಲ್ಲಿಗೂ ಸಲ್ಲುತ್ತದೆ. ಆ ರೋಗಕ್ಕೆ ತುತ್ತಾದವರಲ್ಲಿ ಅರ್ಧದಷ್ಟು ಮಂದಿ ಎಂಟು ತಿಂಗಳೊಳಗೆ ತೀರಿಕೊಳ್ಳುತ್ತಾರೆಂದು ಪುಸ್ತಕಗಳಲ್ಲಿತ್ತು. ಲೆಕ್ಕ ಬಲ್ಲ ಅವರು, ಉಳಿದ ಅರ್ಧ ಮಂದಿ ಎಂಟು ತಿಂಗಳಿಗಿಂತ ಹೆಚ್ಚು ಬದುಕುತ್ತಾರೆ ಮತ್ತು ಅವರಲ್ಲಿ ಕೆಲವರು ಬಹಳ ವರ್ಷ ಬದುಕುತ್ತಾರೆ ಎಂಬುದನ್ನು ಅದೇ ಅಂಕಿಯಿಂದ ಓದಿಕೊಂಡರು. ತಾನು ಆ ಎರಡನೇ ಅರ್ಧಕ್ಕೆ ಸೇರಲು ಇರುವ ಕಾರಣಗಳನ್ನು ಹುಡುಕಿದರು. 1985ರಲ್ಲಿ ಅದರ ಕುರಿತು ಲೇಖನವನ್ನೂ ಬರೆದರು. ಅವರು ತೀರಿಕೊಂಡದ್ದು 2002ರಲ್ಲಿ, ಇಪ್ಪತ್ತು ವರ್ಷಗಳ ನಂತರ. ಅಂಕಿಯನ್ನು ಅವರಿಂದ ಬಚ್ಚಿಟ್ಟಿದ್ದರೆ ಈ ಓದು ಅವರಿಗೆ ದಕ್ಕುತ್ತಲೇ ಇರಲಿಲ್ಲ.

ಅಂಕಿ ಕಾಲದೊಂದಿಗೆ ಬದಲಾಗುತ್ತದೆ ಎಂಬುದು ಇನ್ನೊಂದು ವಿಷಯ. 18 ಅಧ್ಯಯನಗಳ 20,898 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮೂರನೇ ಹಂತದವರಲ್ಲಿ ಮರುಕಳಿಸುವ ಪ್ರಕರಣಗಳ ಪೈಕಿ ಶೇ. 82ರಷ್ಟು ಮೊದಲ ಮೂರು ವರ್ಷಗಳಲ್ಲೇ ಪತ್ತೆಯಾಗಿದ್ದವು. ಐದು ವರ್ಷಗಳ ಬಳಿಕ ರೋಗ ಮರಳುವ ಸಾಧ್ಯತೆ ವರ್ಷಕ್ಕೆ ನೂರರಲ್ಲಿ ಒಂದೆರಡಕ್ಕಿಂತ ಹೆಚ್ಚಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯ ಮರುವಾರ ಕೇಳಿದ ಶೇಕಡಾವಾರನ್ನು ಮೂರು ವರ್ಷಗಳ ನಂತರವೂ ಎದೆಯಲ್ಲಿ ಹೊತ್ತು ತಿರುಗುವುದು ತಪ್ಪು. ಅಷ್ಟರಲ್ಲಿ ಆ ವ್ಯಕ್ತಿಯ ಲೆಕ್ಕವೇ ಬೇರೆಯಾಗಿರುತ್ತದೆ, ಬಹಳಷ್ಟು ಒಳ್ಳೆಯದಾಗಿರುತ್ತದೆ. ಮಗ ಒಮ್ಮೆ ಮಾತ್ರ ಕೇಳಿ, ಹೆದರಿ, ಮತ್ತೆಂದೂ ಕೇಳದಿದ್ದರೆ ಈ ಶುಭವಾರ್ತೆ ಮನೆಗೆ ತಲುಪುವುದೇ ಇಲ್ಲ.

ರೋಗಿಯಿಂದ ಸತ್ಯವನ್ನು ಮರೆಮಾಚುವುದರಿಂದ ಆಗುವ ಅತಿ ದೊಡ್ಡ ಹಾನಿ ಕೀಮೋಥೆರಪಿಯ ವಿಷಯದಲ್ಲಿದೆ. ಮೂರನೇ ಹಂತದ ನೂರು ಮಂದಿಯನ್ನು ಊಹಿಸಿಕೊಳ್ಳಿ. ಅವರಲ್ಲಿ ಸುಮಾರು 50 ಮಂದಿ ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣಮುಖರಾಗಿರುತ್ತಾರೆ. ಕೀಮೋ ನೀಡಿದರೆ ಇನ್ನೂ ಸುಮಾರು 20 ಮಂದಿ ಉಳಿಯುತ್ತಾರೆ. ಮಿಕ್ಕ ಸುಮಾರು 30 ಮಂದಿಗೆ ಕೀಮೋ ಕೊಟ್ಟರೂ ರೋಗ ಮರಳುತ್ತದೆ. ಯಾರು ಯಾವ ಗುಂಪಿನವರೆಂದು ಗೊತ್ತಿಲ್ಲದ ಕಾರಣ ಎಲ್ಲರಿಗೂ ಔಷಧಿ ಕೊಡಬೇಕಾಗುತ್ತದೆ. 1990ರಲ್ಲಿ ಅಮೆರಿಕದ ಚಾರ್ಲ್ಸ್ ಮೋರ್ಟೆಲ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯ ನಂತರದ ಔಷಧಿಯಿಂದ ಮೂರನೇ ಹಂತದವರ ಮರಣ ಪ್ರಮಾಣ ಮೂರನೇ ಒಂದರಷ್ಟು ತಗ್ಗುತ್ತದೆ ಎಂದು ತೋರಿಸಿದಂದಿನಿಂದ ಇದು ರೂಢಿಗೆ ಬಂದಿದೆ.

ಈಗ ಆ ಇಪ್ಪತ್ತರಲ್ಲಿ ಒಬ್ಬರಾಗಬಹುದಾದ ರೋಗಿಯನ್ನು ನೆನೆಯಿರಿ. ಅವರಿಗೆ ಹೇಳಿರುವುದು "ಹುಣ್ಣು ತೆಗೆದಾಗಿದೆ, ಭಯವಿಲ್ಲ" ಎಂದು. ಆ ಬಳಿಕ ಮೂರು ವಾರಕ್ಕೊಮ್ಮೆ ಡ್ರಿಪ್. ತಣ್ಣೀರು ಮುಟ್ಟಿದರೆ ಬೆರಳುಗಳಲ್ಲಿ ಮುಳ್ಳು ಚುಚ್ಚಿದ ಅನುಭವ, ವಾಕರಿಕೆ, ಬಾಯಿಹುಣ್ಣು, ಬೇಧಿ. ಗುಣವಾದ ಹುಣ್ಣಿಗೆ ಈ ಶಿಕ್ಷೆಯೇಕೆ ಎಂದು ಅವರು ಕೇಳುವುದು ನ್ಯಾಯವೇ. ಎರಡು ಡ್ರಿಪ್ ಆದ ಮೇಲೆ "ಇನ್ನು ನನಗೆ ಬೇಡ, ಮನೆಗೆ ಕರೆದುಕೊಂಡು ಹೋಗಿ" ಎನ್ನುತ್ತಾರೆ. ಮಕ್ಕಳಿಗೆ ಒತ್ತಾಯಿಸಲು ಬಾಯಿಲ್ಲ. ಒತ್ತಾಯಿಸಬೇಕಾದರೆ ಮುಚ್ಚಿಟ್ಟದ್ದನ್ನು ಬಿಚ್ಚಬೇಕು. ರಂಝಾನ್ ಬಂತೆಂದರೆ ತೊಡಕು ಇನ್ನೂ ಹೆಚ್ಚು. ಕೆಪೆಸಿಟಾಬಿನ್ ಎಂಬ ಮಾತ್ರೆಯನ್ನು ಬೆಳಿಗ್ಗೆ ಮತ್ತು ಸಂಜೆ, ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕು. ತಾನು ಆರೋಗ್ಯವಂತನೆಂದು ನಂಬಿರುವ ವೃದ್ಧರು ಉಪವಾಸ ಬಿಡಲು ಒಪ್ಪುವುದಿಲ್ಲ, ಮಾತ್ರೆ ಬಿಡುತ್ತಾರೆ. ರೋಗಿಗೆ ಅಲ್ಲಾಹನು ನೀಡಿದ ರಿಯಾಯಿತಿಯನ್ನು ಪಡೆಯಬೇಕಾದರೂ ತಾನು ರೋಗಿ ಎಂಬ ಅರಿವು ಇರಬೇಕಲ್ಲವೇ?

ಸತ್ಯ ತಿಳಿದಿರುವ ರೋಗಿಗೆ ಆಯ್ಕೆಗಳೂ ಇವೆ. ಆರು ತಿಂಗಳ ಕೀಮೋ ಬೇಕೇ, ಮೂರು ತಿಂಗಳು ಸಾಕೇ ಎಂಬ ಪ್ರಶ್ನೆಗೆ ಹಲವು ದೇಶಗಳ 12,834 ರೋಗಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಉತ್ತರ 2018ರಲ್ಲಿ ಬಂತು. ಮೂರನೇ ಹಂತದಲ್ಲೂ ಅಪಾಯ ಕಡಿಮೆಯಿರುವವರಿಗೆ ಡ್ರಿಪ್ ಮತ್ತು ಮಾತ್ರೆ ಸೇರಿದ ಚಿಕಿತ್ಸೆ ಮೂರು ತಿಂಗಳು ಬಹುತೇಕ ಸಾಲುತ್ತದೆ, ನರಗಳ ಜೋಮು ಬಹಳ ಕಡಿಮೆಯಾಗುತ್ತದೆ. ಎರಡನೇ ಹಂತದವರಲ್ಲಿ ಯಾರಿಗೆ ಕೀಮೋ ಬೇಕು ಎಂಬುದು ಇದಕ್ಕಿಂತ ಕ್ಲಿಷ್ಟ. ಆಸ್ಟ್ರೇಲಿಯಾದ 455 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ರಕ್ತದಲ್ಲಿ ಕ್ಯಾನ್ಸರಿನ ಡಿ.ಎನ್.ಎ. ತುಣುಕುಗಳು ಉಳಿದಿವೆಯೇ ಎಂದು ನೋಡಿ ಔಷಧಿ ನಿರ್ಧರಿಸಿದರು. ಕೀಮೋ ಪಡೆದವರ ಪ್ರಮಾಣ ಶೇ. 28ರಿಂದ 15ಕ್ಕೆ ಇಳಿಯಿತು, ಮರುಕಳಿಕೆ ಮಾತ್ರ ಹೆಚ್ಚಲಿಲ್ಲ. ನೂರು ಮಂದಿಯ ಲೆಕ್ಕದಿಂದ ಒಬ್ಬ ವ್ಯಕ್ತಿಯ ಲೆಕ್ಕದತ್ತ ವೈದ್ಯಶಾಸ್ತ್ರ ಹೆಜ್ಜೆ ಇಡುತ್ತಿದೆ. ಈ ಪರೀಕ್ಷೆ ದುಬಾರಿ, ಎಲ್ಲೆಡೆ ಸಿಗುವುದೂ ಇಲ್ಲ. ಸಾಲ ಮಾಡಿ ಇದರ ಹಿಂದೆ ಓಡಬೇಕೆಂದು ಹೇಳಲಾರೆ.

ನಾಲ್ಕನೇ ಹಂತದ ಬಗ್ಗೆಯೂ ಒಂದು ಮಾತು. ಲಿವರ್‌ಗೆ ಹರಡಿದೆ ಎಂದರೆ ಎಲ್ಲ ಮುಗಿಯಿತು ಎಂಬ ಭಾವನೆ ಈಗ ಸರಿಯಲ್ಲ. ಹರಡಿದ ಗಡ್ಡೆಗಳನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯಲು ಸಾಧ್ಯವಾದ ಆಯ್ದ ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿ ಐದು ವರ್ಷ ದಾಟುತ್ತಾರೆ. ಅಂತಹ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ಅನುಭವವುಳ್ಳ ಲಿವರ್ ಶಸ್ತ್ರಚಿಕಿತ್ಸಕರೊಬ್ಬರಿಗೆ ಸ್ಕ್ಯಾನ್ ತೋರಿಸದೆ ಕೈಚೆಲ್ಲಬಾರದು. ಆದರೆ ಬಹುಮಂದಿಗೆ ಅದು ಸಾಧ್ಯವಾಗುವುದಿಲ್ಲ. ಅಂಥವರ ವಿಷಯದಲ್ಲಿ ಸತ್ಯ ಕಹಿಯಾಗಿಯೇ ಇರುತ್ತದೆ ಮತ್ತು ಅದನ್ನು ಸಿಹಿ ಮಾಡಲು ಯಾವ ಲೇಖನದಿಂದಲೂ ಆಗದು.

ವೈದ್ಯರು ಹೇಳುವುದೆಲ್ಲ ಹೆದರಿಸುವ ಮಾತು ಎಂಬ ನಂಬಿಕೆಯೂ ನಮ್ಮಲ್ಲಿದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಅಮೆರಿಕದ ನಿಕೊಲಾಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲ್ಯಾಮಾಂಟ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂತಿಮ ಆರೈಕೆಗೆ ದಾಖಲಾದ 468 ರೋಗಿಗಳ ಬಗ್ಗೆ ಅವರ ವೈದ್ಯರ ಅಂದಾಜನ್ನು ಕೇಳಿದರು. ಸರಿಯಾಗಿ ಹೇಳಿದವರು ಶೇ. 20. ಶೇ. 63ರಷ್ಟು ಮಂದಿ ಇರುವುದಕ್ಕಿಂತ ಹೆಚ್ಚು ಕಾಲವನ್ನೇ ಹೇಳಿದ್ದರು, ಒಟ್ಟಾರೆಯಾಗಿ ಐದು ಪಟ್ಟಿಗಿಂತ ಹೆಚ್ಚು. ರೋಗಿಯೊಡನೆ ಪರಿಚಯ ಹಳೆಯದಾದಷ್ಟೂ ವೈದ್ಯರ ಅಂದಾಜು ಹೆಚ್ಚು ತಪ್ಪುತ್ತಿತ್ತು. ವೈದ್ಯರೂ ಮನುಷ್ಯರೇ, ಪ್ರೀತಿ ಅವರ ಕಣ್ಣನ್ನೂ ಮಂಜಾಗಿಸುತ್ತದೆ. ಹೀಗಿರುವಾಗ "ಒಳ್ಳೆಯದನ್ನೇ ಹೇಳಿ ಡಾಕ್ಟರೇ" ಎಂದು ಬಾಗಿಲಲ್ಲೇ ಬೇಡಿಕೊಳ್ಳುವ ಕುಟುಂಬಕ್ಕೆ ಏನು ಸಿಗಬಹುದು? ಬೇಡಿದ್ದೇ ಸಿಗುತ್ತದೆ. ಕೊನೆಯ ಎರಡು ತಿಂಗಳು ಇನ್ನೂ ಎರಡು ವರ್ಷವಿದೆ ಎಂಬ ಭಾವನೆಯಲ್ಲಿ ಕಳೆದುಹೋಗುತ್ತವೆ. ವಿದೇಶದಲ್ಲಿರುವ ಮಗ ಮುಂದಿನ ರಜೆಗೆ ಬರುತ್ತೇನೆಂದು ಟಿಕೆಟ್ ಮುಂದೂಡುತ್ತಾನೆ. ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವವರಿರುವ ಕರಾವಳಿಯ ಮನೆಗಳಿಗೆ ಈ ಸಂಕಟ ಹೊಸದಲ್ಲ.

ಇನ್ನು ಧರ್ಮದ ಮಾತಿಗೆ ಬರೋಣ. ನಾಳೆ ತಾನೇನು ಗಳಿಸುವೆನೆಂಬುದಾಗಲಿ, ಯಾವ ನೆಲದಲ್ಲಿ ಮರಣ ಹೊಂದುವೆನೆಂಬುದಾಗಲಿ ಯಾರಿಗೂ ತಿಳಿಯದು ಎಂಬುದು ಸೂರಾ ಲುಕ್ಮಾನ್‌ನ ಕೊನೆಯ ವಚನದ ಆಶಯ. ಅದರಲ್ಲಿ ಯಾವ ವಿಶ್ವಾಸಿಗೂ ಸಂದೇಹವಿಲ್ಲ. ಆದರೆ "ಈ ಹಂತದ ನೂರು ಮಂದಿಯಲ್ಲಿ 70 ಮಂದಿ ಐದು ವರ್ಷ ದಾಟುತ್ತಾರೆ" ಎಂಬ ಮಾತು ಆ ಅರಿವನ್ನು ತನ್ನದೆಂದು ಹೇಳಿಕೊಳ್ಳುವುದೇ ಇಲ್ಲ. ಒಬ್ಬ ವ್ಯಕ್ತಿಯ ಘಳಿಗೆ ಯಾವುದೆಂದು ತಿಳಿಯದು ಎಂದು ಸಾರುವ ಮಾತದು. ಇಲ್ಲದಿದ್ದರೆ ಶೇಕಡಾವಾರಿನ ಅಗತ್ಯವೇ ಇರಲಿಲ್ಲ.

ವಿಧಿಯ ಹೆಸರಿನಲ್ಲಿ ಮಾಹಿತಿಯನ್ನು ತಳ್ಳಿಹಾಕುವವರು ಹಝ್ರತ್ ಉಮರ್(ರ)ರ ಶಾಮ್ ಯಾತ್ರೆಯನ್ನು ನೆನೆಯಬೇಕು. ಅಮ್ವಾಸ್ ಪ್ಲೇಗ್ ಹಬ್ಬಿದ್ದ ಕಾಲವದು. ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದಿನ ನಾಡಿನಲ್ಲಿ ಸಾಂಕ್ರಾಮಿಕವಿದೆಯೆಂಬ ಸುದ್ದಿ ಬಂತು. ಉಮರ್(ರ) ಮುಹಾಜಿರರನ್ನು ಕೇಳಿದರು, ಅನ್ಸಾರರನ್ನು ಕೇಳಿದರು, ಕುರೈಶರ ಹಿರಿಯರನ್ನು ಕೇಳಿದರು. ಬಳಿಕ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಆಕ್ಷೇಪಿಸಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರದ ಸಾರವಾಗಿತ್ತು. ಒಂದು ಬದಿ ಹಸಿರು, ಇನ್ನೊಂದು ಬದಿ ಬರಡಾಗಿರುವ ಕಣಿವೆಯಲ್ಲಿ ಒಂಟೆ ಮೇಯಿಸುವವನ ಉದಾಹರಣೆಯನ್ನೂ ಅವರು ಕೊಟ್ಟರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಪ್ರಸಿದ್ಧ ಘಟನೆ ಇದು. ಮುಂದೇನಿದೆ ಎಂಬ ವರದಿ ಕೈಗೆ ಬಂದಾಗ ಖಲೀಫರು ಅದನ್ನು ಕಪಾಟಿನಲ್ಲಿಡಲಿಲ್ಲ. ಅದನ್ನು ಎಲ್ಲರ ಮುಂದಿಟ್ಟು ಸಮಾಲೋಚಿಸಿದರು.

ರೋಗಿಯ ಮುಂದೆ ಸಾವಿನ ಮಾತೆತ್ತಿದರೆ ಧೈರ್ಯಗುಂದಿ ಬೇಗ ಸಾಯುತ್ತಾರೆ ಎನ್ನುವವರಿಗೆ ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ)ರ ಪ್ರಸಂಗ ಉತ್ತರ. ವಿದಾಯ ಹಜ್ಜಿನ ವೇಳೆ ಮಕ್ಕಾದಲ್ಲಿ ಅವರು ಮರಣಾಂತಿಕ ಎನಿಸುವಷ್ಟು ಕಾಯಿಲೆ ಬಿದ್ದರು. ನೋಡಲು ಬಂದ ಪ್ರವಾದಿವರ್ಯರೊಡನೆ(ಸ) ತನ್ನ ಸಂಪತ್ತಿನ ಬಗ್ಗೆ ನೇರವಾಗಿ ಮಾತನಾಡಿದರು. ಒಬ್ಬಳೇ ಮಗಳಿದ್ದಾಳೆ, ಮೂರನೇ ಎರಡು ಭಾಗವನ್ನು ದಾನ ಮಾಡಲೇ ಎಂದರು. ಅರ್ಧವೇ ಎಂದರು. ಮೂರನೇ ಒಂದು ಭಾಗ ಸಾಕು, ಅದೂ ಹೆಚ್ಚೇ ಎಂಬ ಮಾರ್ಗದರ್ಶನ ದೊರೆಯಿತು. ಪ್ರವಾದಿವರ್ಯರು(ಸ) ಆ ಮಾತನ್ನು ಅಡಗಿಸಲಿಲ್ಲ, "ಈಗ ಅದೆಲ್ಲ ಯಾಕೆ" ಎಂದು ತಳ್ಳಿಬಿಡಲೂ ಇಲ್ಲ. ವಸಿಯ್ಯತ್‌ನ ವಿಷಯವನ್ನು ಇತ್ಯರ್ಥಪಡಿಸಿದರು, ಜೊತೆಗೇ ಅವರು ಇನ್ನೂ ಬದುಕಿ ಜನರಿಗೆ ಉಪಯುಕ್ತರಾಗಬಹುದೆಂಬ ನಿರೀಕ್ಷೆಯನ್ನೂ ವ್ಯಕ್ತಪಡಿಸಿದರು. ಸಅದ್(ರ) ಆ ನಂತರ ನಲವತ್ತಕ್ಕೂ ಹೆಚ್ಚು ವರ್ಷ ಬದುಕಿದರು. ಕಾದಿಸಿಯ್ಯ ಯುದ್ಧದ ದಂಡನಾಯಕರಾದರು. ಮರಣದ ಕುರಿತ ಪ್ರಾಮಾಣಿಕ ಮಾತುಕತೆ ಮತ್ತು ದೀರ್ಘಾಯುಷ್ಯದ ನಿರೀಕ್ಷೆ ಒಂದೇ ಹಾಸಿಗೆಯ ಪಕ್ಕದಲ್ಲಿ, ಒಂದೇ ಭೇಟಿಯಲ್ಲಿ ನಡೆದವು.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ತೀರಿಸಬೇಕಾದ ಸಾಲ ಯಾರ್‍ಯಾರದ್ದೆಂಬುದು ತಂದೆಗೆ ಮಾತ್ರ ಗೊತ್ತು. ಯಾರದೋ ಅಮಾನತ್ತು ಅವರ ಬಳಿಯಿದೆ. ಹೆಣ್ಣುಮಕ್ಕಳ ಪಾಲಿನ ಬಗ್ಗೆ ಅವರ ಮನಸ್ಸಿನಲ್ಲಿ ಏನೋ ಇದೆ. ಉಳಿದುಹೋದ ಹಜ್ ಇದೆ, ಮುರಿದುಬಿದ್ದ ತಮ್ಮನ ಸಂಬಂಧವಿದೆ. ಸತ್ಯ ತಿಳಿದಿದ್ದರೆ ಅವರು ಮಾಡುತ್ತಿದ್ದ ಮೊದಲ ಕೆಲಸಗಳಿವು. ನಾವು ಅವರ ಮನಸ್ಸನ್ನು ನೋಯಿಸಬಾರದೆಂದು ಈ ಬಾಗಿಲನ್ನೇ ಮುಚ್ಚುತ್ತೇವೆ. ಬಳಿಕ ಜನಾಝಾದ ಹೊತ್ತಿನಲ್ಲಿ ಸಾಲ ಇರುವವರು ತಿಳಿಸಬೇಕೆಂದು ಮಸೀದಿಯಲ್ಲಿ ಕೇಳಿಕೊಳ್ಳುತ್ತೇವೆ.

ಹೇಳುವುದೆಂದರೆ ಬಾಣ ಬಿಟ್ಟಂತೆ ಅಂಕಿಯನ್ನು ಎಸೆಯುವುದಲ್ಲ. ಎಷ್ಟು ತಿಳಿಯಲು ಇಷ್ಟಪಡುತ್ತೀರಿ ಎಂದು ಮೊದಲು ರೋಗಿಯನ್ನೇ ಕೇಳಬೇಕು. ಕೆಲವರಿಗೆ ಶೇಕಡಾವಾರು ಬೇಕು. ಕೆಲವರಿಗೆ "ಇದು ಗುಣವಾಗುವಂಥದ್ದೇ, ಮುಂದೇನು ಮಾಡಬೇಕು" ಎಂಬಷ್ಟೇ ಸಾಕು. ಇನ್ನು ಕೆಲವರು "ನನ್ನ ಮಗನಿಗೆ ಹೇಳಿ, ಅವನು ನೋಡಿಕೊಳ್ಳುತ್ತಾನೆ" ಎನ್ನಬಹುದು. ಆ ಹಕ್ಕೂ ಅವರದೇ. ಅವರನ್ನು ಕೇಳದೆ ಮಗನೇ ಆ ಹಕ್ಕನ್ನು ತೆಗೆದುಕೊಳ್ಳಬಾರದು ಎಂಬಷ್ಟೇ ನಮ್ಮ ಮಾತು. ಉಮ್ಮಂದಿರ ವಿಷಯದಲ್ಲಿ ಇದನ್ನು ಇನ್ನೂ ಒತ್ತಿ ಹೇಳಬೇಕಾಗಿದೆ. ಹತ್ತು ಮಂದಿಯ ಕಾಯಿಲೆ ನೋಡಿಕೊಂಡು ಮನೆ ನಡೆಸಿದ ಹೆಂಗಸು ತನ್ನ ಕಾಯಿಲೆಯ ಹೆಸರು ತಾಳಿಕೊಳ್ಳಲಾರಳು ಎಂದು ತೀರ್ಮಾನಿಸಿದವರು ಯಾರು?

ಮುನ್ನಂದಾಜನ್ನು ಬದಲಿಸಲು ರೋಗಿಯಿಂದಲೇ ಆಗುವ ಕೆಲಸಗಳೂ ಇವೆ ಎಂಬುದನ್ನು ಮರೆಯಬಾರದು. ಕೀಮೋ ಮುಗಿಸಿದ 889 ಕರುಳಿನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಂತಾರಾಷ್ಟ್ರೀಯ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ಆರೋಗ್ಯದ ಕೈಪಿಡಿ ಮಾತ್ರ ಕೊಟ್ಟರು. ಇನ್ನರ್ಧ ಮಂದಿಗೆ ಮೂರು ವರ್ಷಗಳ ಕಾಲ ಮಾರ್ಗದರ್ಶಕರ ಮೂಲಕ ವ್ಯಾಯಾಮ ಮಾಡಿಸಿದರು. ಹೆಚ್ಚಿನವರ ಮಟ್ಟಿಗೆ ಅದು ವಾರಕ್ಕೆ ಮೂರು ನಾಲ್ಕು ಬಾರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಬಿರುಸು ನಡಿಗೆಗೆ ಸಮ. ಎಂಟು ವರ್ಷಗಳ ಬಳಿಕ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 83, ವ್ಯಾಯಾಮದ ಗುಂಪಿನಲ್ಲಿ ಶೇ. 90. ಕೆಲವು ಔಷಧಿಗಳಿಂದಲೂ ಸಿಗದಷ್ಟು ಲಾಭವಿದು. ನಮ್ಮಲ್ಲಿ ಆಪರೇಷನ್ ಆದವರನ್ನು ಮಂಚದಿಂದ ಇಳಿಯಲು ಬಿಡದೆ ಸೂಪು, ಮಾಂಸ ತಿನ್ನಿಸುವುದೇ ಆರೈಕೆ! ಫಜ್ರ್ ನಮಾಝಿಗೆ ಮಸೀದಿಯವರೆಗೆ ನಡೆದು ಹೋಗುತ್ತೇನೆಂದು ಅಬ್ಬಾ ಹೊರಟರೆ ದಯವಿಟ್ಟು ಸ್ಕೂಟರ್ ಹತ್ತಿಸಬೇಡಿ.

ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆಯೂ ರೋಗಿಗೆ ವಿಷಯ ತಿಳಿದಿದ್ದರೆ ಮಾತ್ರ ನಡೆಯುವಂಥದ್ದು. ಸಿ.ಇ.ಎ. ಎಂಬ ರಕ್ತಪರೀಕ್ಷೆಯ ಮೂಲವಾದ ವಸ್ತುವನ್ನು 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಗುರುತಿಸಿದರು. ಶಸ್ತ್ರಚಿಕಿತ್ಸೆಯ ಬಳಿಕ ಇಳಿದ ಅದರ ಮಟ್ಟ ಮತ್ತೆ ಏರತೊಡಗಿದರೆ ರೋಗ ಮರಳುತ್ತಿರುವ ಸುಳಿವು ಇರಬಹುದು. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆ ಬಳಿಕ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ, ನಡುನಡುವೆ ಸ್ಕ್ಯಾನ್, ಮೊದಲ ವರ್ಷದ ಕೊನೆಗೆ ಕೊಲೊನೊಸ್ಕೊಪಿ. ಮರಳಿದ ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕರೆ ಮತ್ತೆ ಕತ್ತರಿಸಿ ತೆಗೆಯುವ ಅವಕಾಶವಿರುತ್ತದೆ. ಹುಣ್ಣು ವಾಸಿಯಾಯಿತೆಂದು ನಂಬಿದವರು ನಾಲ್ಕನೇ ಭೇಟಿಗೆ ಹೋಗುವುದಿಲ್ಲ.

ಕೊನೆಯದಾಗಿ, ಆ ವರದಿಯಲ್ಲಿ ಮಕ್ಕಳಿಗೂ ಸಂಬಂಧಪಟ್ಟ ಸಾಲೊಂದು ಇರಬಹುದು. ಕರುಳಿನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು ಮೂರು ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ದೋಷದಿಂದ ಬರುತ್ತವೆ. ಡಿ.ಎನ್.ಎ. ದುರಸ್ತಿ ಮಾಡುವ ನಾಲ್ಕು ಪ್ರೋಟೀನುಗಳು ಗಡ್ಡೆಯಲ್ಲಿ ಇವೆಯೇ ಎಂಬ ಪರೀಕ್ಷೆಯಿಂದ ಅದರ ಸುಳಿವು ಸಿಗುತ್ತದೆ. ವಿಶೇಷವೆಂದರೆ, ಆ ಪ್ರೋಟೀನು ಇಲ್ಲದ ಎರಡನೇ ಹಂತದ ಗಡ್ಡೆಗಳ ಮುನ್ನಂದಾಜು ಒಳ್ಳೆಯದೇ. ಆದರೆ ದೋಷ ವಂಶದಲ್ಲಿದ್ದರೆ ಪ್ರತಿ ಮಗುವಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಹೆಣ್ಣುಮಕ್ಕಳಿಗೆ ಗರ್ಭಕೋಶದ ಕ್ಯಾನ್ಸರಿನ ಅಪಾಯವೂ ಸೇರುತ್ತದೆ. ಅಂಥವರು ಇಪ್ಪತ್ತರಿಂದ ಇಪ್ಪತ್ತೈದನೇ ವಯಸ್ಸಿನಲ್ಲೇ ಕೊಲೊನೊಸ್ಕೊಪಿ ಆರಂಭಿಸಿ ಒಂದೆರಡು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕಾಗುತ್ತದೆ. ತಂದೆಯ ಕಾಯಿಲೆಯ ಹೆಸರನ್ನೇ ಕೇಳದೆ ಬೇರೆ ಮನೆಗೆ ಮದುವೆಯಾಗಿ ಹೋದ ಮಗಳಿಗೆ ಇದನ್ನು ಯಾರು ತಿಳಿಸುತ್ತಾರೆ? ಈ ಪರೀಕ್ಷೆ ಆಗಿರದಿದ್ದರೆ ಈಗಲೂ ಮಾಡಿಸಬಹುದು. ಅದಕ್ಕಾಗಿ ರೋಗಿಯ ದೇಹವನ್ನು ಮತ್ತೆ ಮುಟ್ಟಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕನ್ನು ಪ್ರಯೋಗಾಲಯದವರು ಮೇಣದ ಅಚ್ಚಿನಲ್ಲಿ ವರ್ಷಗಟ್ಟಲೆ ಕಾಪಿಟ್ಟಿರುತ್ತಾರೆ. ವರದಿಯ ಮೇಲಿರುವ ಸಂಖ್ಯೆಯನ್ನು ಹೇಳಿ ಕೇಳಿದರೆ ಹುಡುಕಿ ಕೊಡುತ್ತಾರೆ.